ರಾಜೀನಾಮೆ ಕೊಟ್ಟು ಮರಳಿದ ಡ್ರೈವರನ ರಜೆ

ಸಾಫ್ಟ್‌ವೇರ್ ಬಂದ ಮೇಲೆ ರಜೆ ಮ್ಯಾನೇಜರರ ಮರ್ಜಿಗೆ ಬಿಟ್ಟದ್ದಲ್ಲ ಎಂದು ನಮ್ಮ ಎಸ್ಟೇಟಿನಲ್ಲಿ ಎಲ್ಲರೂ ನಂಬಿದ್ದರು. ಆಫೀಸಿನಲ್ಲಿ ಆ ಸಾಫ್ಟ್‌ವೇರ್ ನೋಡಿಕೊಳ್ಳುವವನು ನಾನು. ಅದು ಎಡವಟ್ಟು ಮಾಡುವ ಪ್ರಸಂಗಗಳು ಆಗಾಗ ಬರುತ್ತಲೇ ಇರುತ್ತವೆ. ಒಬ್ಬ ಡ್ರೈವರ್ ಮಾತ್ರ ಒಂದೇ ರಜೆಗೆ ಮೂರು ಕೊಟ್ಟ.

1. ಬಾಕಿ

ಪಿ.ಎಫ್. ತೆಗೆಯಲು ರಾಜೀನಾಮೆ ಕೊಡುವುದು, ಅದು ಕೈಗೆ ಬಂದ ಮೇಲೆ ಅದೇ ಕೆಲಸಕ್ಕೆ ಮರಳುವುದು ನಮ್ಮ ಕಡೆ ಮಾಮೂಲು. ಈ ಡ್ರೈವರ್ ಮಗಳ ಮದುವೆಗೆಂದು ಹಾಗೆ ಮಾಡಿ, ಸಿದ್ದಾಪುರದ ಭಾವನ ಮನೆಯಲ್ಲಿ ಕೆಲವು ತಿಂಗಳು ಕೂತು ಬಂದ. ಈಗ ಆ ಮದುವೆಗೇ ಒಂದು ವಾರ ರಜೆ ಬೇಕು. ಕೆಲಸ ಬಿಡುವಾಗ ಉಳಿದ ರಜೆಯನ್ನೆಲ್ಲ ದುಡ್ಡು ಮಾಡಿಕೊಂಡಿದ್ದ. ಮರುನೇಮಕ ಎಂದು ಗುರುತು ಹಾಕಿದ ಕೂಡಲೇ ಸಾಫ್ಟ್‌ವೇರ್ ಆ ದಿನಗಳನ್ನು ಇನ್ನೊಮ್ಮೆ ಕಳೆಯಿತು. ಲೆಕ್ಕ ಸೊನ್ನೆಗಿಂತ ಕೆಳಗೆ ಹೋಯಿತು.

“ಅಂದ್ರೆ ರಜೆ ನಾನೇ ಆಫೀಸಿಗೆ ಕೊಡ್ಬೇಕಾ ಸಾರ್?”

“ಹಾಗೇ ತೋರಿಸ್ತಿದೆ.”

“ಮನೇಲಿ ಕೇಳಿ ನೋಡ್ತೇನೆ. ಅಲ್ಲೂ ಇರಲಿಕ್ಕಿಲ್ಲ.”

2. ಮದುವೆ ಕಾಗದ

ಸಾಫ್ಟ್‌ವೇರ್ ಕಂಪನಿಯ ಸಹಾಯವಾಣಿಯ ಹುಡುಗಿ, ಅವನು ಮೊದಲು ಸೇರಿದ ದಿನಾಂಕವನ್ನೇ ಹಾಕಿ ಎಂದಳು. ಹಾಕಿದೆ. ರಜೆ ಬಂತು. ಜೊತೆಗೆ, ಭಾವನ ಮನೆಯಲ್ಲಿದ್ದ ತಿಂಗಳುಗಳಿಗೆಲ್ಲ ಗೈರುಹಾಜರಿ ಬಿದ್ದು, ಕಾರಣ ಕೇಳುವ ನೋಟಿಸು ತಾನಾಗಿಯೇ ಅವನ ಮೊಬೈಲಿಗೆ ಹೋಯಿತು. ಅವನು ಬೆಳಿಗ್ಗೆಯಷ್ಟೇ ಆಫೀಸಿಗೆ ಮದುವೆ ಕಾಗದ ಕೊಟ್ಟು ಹೋಗಿದ್ದ.

“ಮದುವೆಗೆ ಬರೋಕಾಗಲ್ಲ ಅಂತ ಬಾಯಲ್ಲೇ ಹೇಳಬಹುದಿತ್ತು ಸಾರ್,” ಎಂದ.

3. ಮಂಜೂರಾತಿ

ನೋಟಿಸು ಅಳಿಸಿ, ರಜೆ ಅರ್ಜಿ ಹಾಕಿಸಿದೆ. ಮ್ಯಾನೇಜರರ ಪರದೆಯಲ್ಲಿ ಅದು ಕಾಣಲಿಲ್ಲ.

“ಕಂಡಿದ್ರೂ ಕೊಡ್ತಿರಲಿಲ್ಲ,” ಎಂದರು. “ಕಾಫಿ ಪಿಕಿಂಗ್ ನಡೀತಿದೆ. ಗಾಡಿ ಯಾರು ಓಡಿಸ್ತಾರೆ, ನೀವಾ?”

ಡ್ರೈವರ್ ದಿನಾ ನನ್ನ ಬಾಗಿಲಲ್ಲಿ ನಿಲ್ಲತೊಡಗಿದ. “ಧಾರೆಗೆ ನಾನಿಲ್ಲದಿದ್ರೆ ಆ ಭಾವನೇ ನಿಂತ್ಕೊಳ್ತಾನೆ ಸಾರ್. ಆಮೇಲೆ ಸಾಯೋ ತನಕ ಅವನ ಬಾಯಿ ಮುಚ್ಚಿಸೋರು ಯಾರು?”

ಮದುವೆ ಹತ್ತಿರ ಬಂದಾಗ ಅರ್ಜಿ ಮಂಜೂರಾಯಿತು. ಡ್ರೈವರ್ ಮ್ಯಾನೇಜರರಿಗೆ ಕೈಮುಗಿದು ಊರಿಗೆ ಹೋದ. ಮಂಜೂರು ಮಾಡಿಯೇ ಇರದ ಮ್ಯಾನೇಜರ್ ನನ್ನ ಮುಖ ನೋಡಿದರು. ನಾನು ಸಹಾಯವಾಣಿಗೆ ಫೋನ್ ಮಾಡಿದೆ.

“ಹಳೇ ದಿನಾಂಕ ಹಾಕಿದ್ರೆ ಆ ಕಾಲದ ಮೇಲಧಿಕಾರಿಯೇ ವಾಪಸ್ ಬರ್ತಾರೆ ಸರ್,” ಎಂದಳು ಹುಡುಗಿ. “ಅರ್ಜಿ ಅವರಿಗೆ ಹೋಗಿದೆ. ಅವರು ಬೇಡ ಅನ್ನದಿದ್ರೆ ಒಪ್ಪಿದ ಹಾಗೇ ಲೆಕ್ಕ.”

ಅವನನ್ನು ಮೊದಲು ಕೆಲಸಕ್ಕೆ ತೆಗೆದುಕೊಂಡ ಮ್ಯಾನೇಜರ್ ತೀರಿಕೊಂಡು ಎರಡು ಮಳೆಗಾಲ ಕಳೆದಿತ್ತು.