ಗಿಳಿಯ ಕಿರೀಟ

ಕಾಂತರಾಜನ ಮನೆಯ ಅಕ್ಕಿ ಡಬ್ಬದ ಮೇಲೆ ಒಂದು ಗಿಳಿ ನಿದ್ದೆ ಹೋಗಿತ್ತು. ಆ ಶನಿವಾರದ ರಾಮಾಯಣಕ್ಕೆಲ್ಲ ಅದೇ ಕಾರಣ.

ಗಿಳಿ ಇದ್ದದ್ದು ಟ್ಯಾಬಿನೊಳಗೆ. ಓದಲು ತೊಡಕಿರುವ ಮಕ್ಕಳಿಗೆಂದೇ ಮಾಡಿದ ಸಾಫ್ಟ್‌ವೇರ್ ಅದು. ಪರದೆಯ ಮೇಲೆ ಸಾಲು ಮೂಡುತ್ತದೆ, ಮಗು ಗಟ್ಟಿಯಾಗಿ ಓದಬೇಕು, ಸರಿಯಾದರೆ ಗಿಳಿಗೆ ಒಂದು ಕಾಳು. ವಾರವಿಡೀ ಓದದಿದ್ದರೆ ಗಿಳಿ ಕಣ್ಣು ಮುಚ್ಚುತ್ತದೆ. ಶನಿವಾರ ಶನಿವಾರ ಮನೆಗೆ ಬಂದು ಪಾಠ ಹೇಳುವ ವಿಶೇಷ ಶಿಕ್ಷಕಿ ತ್ರಿವೇಣಿ ಮೇಡಂ ಟ್ಯಾಬ್ ಕೊಡುವಾಗಲೇ ಹೇಳಿದ್ದರು: "ಗಿಳಿ ಮಲಗಿದ್ರೆ ನೀವು ಉಪಯೋಗಿಸ್ತಿಲ್ಲ ಅಂತ ಅರ್ಥ. ವಾಪಸ್ ತಗೊಂಡು ಬೇರೆ ಮಗುಗೆ ಕೊಡ್ತೀನಿ. ಬೇಜಾರ್ ಮಾಡ್ಕೋಬಾರ್ದು."

ಕಾಂತರಾಜನ ಮಗಳು ಮೌನಿಕಾ ನಾಲ್ಕನೇ ಕ್ಲಾಸು. ಮಾತಿಗೆ ಕೂತರೆ ಅರಳು ಹುರಿದಂತೆ. ಪುಸ್ತಕ ತೆರೆದರೆ ಬಾಯಿಗೆ ಬೀಗ. "ಅಕ್ಷರ ನಿಂತ್ಕೊಳ್ಳಲ್ಲ ಅಪ್ಪ, ಓಡಾಡ್ತವೆ" ಎನ್ನುತ್ತಿದ್ದಳು. ತರಗತಿಯಲ್ಲಿ ಅವಳ ಸರದಿ ಬಂದರೆ ಮಿಕ್ಕ ಮಕ್ಕಳೇ "ಮುಂದಿನೋರು" ಎಂದುಬಿಡುತ್ತಿದ್ದರು. ಅಂಥವಳು ಟ್ಯಾಬ್ ಬಂದ ಮೇಲೆ ಒಂದು ದಿನ ಎದುರು ಗೋಡೆಯ 'ಮನೆ ಬಾಡಿಗೆಗೆ ಇದೆ' ಬೋರ್ಡಿನಲ್ಲಿ 'ಮನೆ' ಎಂಬುದನ್ನು ತಾನಾಗಿಯೇ ಓದಿದ್ದಳು. ಒಂದೇ ಪದ. ಕಾಂತರಾಜ ವಟಾರಕ್ಕೆಲ್ಲ ಜಿಲೇಬಿ ಹಂಚಿದ್ದ.

ಈ ವಾರ ಮಾತ್ರ ನರಸಾಪುರದ ಫ್ಯಾಕ್ಟರಿಯಲ್ಲಿ ಅವನಿಗೆ ನೈಟ್ ಶಿಫ್ಟು. ಹಗಲೆಲ್ಲ ಕುಂಭಕರ್ಣ. ಅವನ ಜೊತೆ ಗಿಳಿಯೂ ಮಲಗಿತು. ಹೆಂಡತಿ ರಂಜಿತ ಕಂಪನಿ ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ಅದನ್ನು ಕಂಡಳು. "ಸಾಯಂಕಾಲ ಮೇಡಂ ಬರ್ತಾರೆ. ಅಷ್ಟ್ರಲ್ಲಿ ಗಿಳಿ ಎದ್ದಿರ್ಬೇಕು. ಇಲ್ಲಾಂದ್ರೆ ಇವತ್ತು ನಿಮ್ಗೂ ಕಾಳಿಲ್ಲ" ಎಂದು ಬಾಗಿಲು ದಡಾರನೆ ಎಳೆದುಕೊಂಡು ಹೋದಳು.

ಮೌನಿಕಾ ಬೆಳಗಿನ ಶಾಲೆ ಮುಗಿಸಿ ಬಂದದ್ದೇ ತಡ, ಕಾಂತರಾಜ ಅವಳನ್ನು ಟ್ಯಾಬಿನ ಮುಂದೆ ಕೂರಿಸಿದ. 'ಕೆರೆ ತುಂಬಿತು' ಎಂಬ ಸಾಲು ಮೂಡಿತು. ಮೌನಿಕಾ "ಕೆ..." ಎಂದು ನಿಂತಳು. ಟ್ಯಾಬಿನೊಳಗಿನ ಹೆಣ್ಣು ದನಿ ಬೆಲ್ಲದಂತೆ ಹೇಳಿತು: "ಪರವಾಗಿಲ್ಲ ಪುಟ್ಟಾ, ಇನ್ನೊಮ್ಮೆ ಓದೋಣ." ಇನ್ನೊಮ್ಮೆ ಆಯಿತು, ಮತ್ತೊಮ್ಮೆ ಆಯಿತು. ಮಗುವಿನ ಕಣ್ಣಲ್ಲಿ ನೀರು ಬಂತು.

ಪಕ್ಕದ ಮನೆಯ ಶ್ಯಾಮಲಮ್ಮ ಸೊಪ್ಪು ಬಿಡಿಸುತ್ತಿದ್ದವರು ಮೊರ ಸಮೇತ ಎದ್ದು ಬಂದರು. "ಅಯ್ಯೋ ದೇವುಡಾ! ಪರವಾಗಿಲ್ಲ ಪರವಾಗಿಲ್ಲ ಅಂತಾನೇ ಮಗೂನ ಅಳಿಸ್ತಾಳಲ್ಲ, ಯಾರೋ ಇವ್ಳು? ಕೊಡೋ ಇಲ್ಲಿ." ಕನ್ನಡಕ ಏರಿಸಿ, ತೆಲುಗಿನ ರಾಗದಲ್ಲೇ ಓದಿದರು. ಗಿಳಿ ಒಂದು ಕಣ್ಣು ತೆರೆಯಿತು. ಓದಿದವರು ಯಾರೆಂದು ಕೇಳುವ ಬುದ್ಧಿ ಆ ಸಾಫ್ಟ್‌ವೇರಿಗೆ ಇರಲಿಲ್ಲ.

ಇದೇನು ಮಹಾ ಎಂದು ಕಾಂತರಾಜ ತಾನೂ ಒಂದು ಸಾಲು ಓದಿದ. "ನಿಧಾನವಾಗಿ ಪುಟ್ಟಾ, ಇನ್ನೊಮ್ಮೆ ಓದೋಣ" ಎಂದಿತು ಟ್ಯಾಬು. ಮೌನಿಕಾ ಅಳು ಬಿಟ್ಟು ಕಿಲಕಿಲ ನಕ್ಕಳು.

ನಗು ಕೇಳಿ ಮಹಡಿಯಿಂದ ಭೀಮರಾಜ್ ಇಳಿದು ಬಂದರು. ರಿಟೈರಾದ ಬಸ್ ಕಂಡಕ್ಟರು. ದನಿ ಮಾತ್ರ ಇನ್ನೂ ಸರ್ವೀಸಿನಲ್ಲಿತ್ತು. "ಕೆರೆ ತುಂಬಿತೂ...! ಬಾತುಕೋಳಿ ಬಂತೂ...!" ಎಂದು ಬಂಗಾರಪೇಟೆ ಬಸ್ಸಿಗೆ ಜನ ಕರೆಯುವಂತೆ ಕೂಗಿದರು. ಗಿಳಿ ರೆಕ್ಕೆ ಬಡಿದು ಎದ್ದು ಕೂತಿತು.

"ಸಾಕು ಭೀಮಣ್ಣ, ಎದ್ದಾಯ್ತಲ್ಲ" ಎಂದ ಕಾಂತರಾಜ.

"ಎದ್ದಿರೋ ಗಿಳೀನ ಉಪವಾಸ ಬಿಡ್ತೀಯೇನ್ಲಾ?" ಎಂದರು ಭೀಮರಾಜ್.

"ನಂದೊಂದ್ ಸಾಲು, ನಿಂದೊಂದ್ ಸಾಲು" ಎಂದರು ಶ್ಯಾಮಲಮ್ಮ.

ಮುಂದೆ ಯಾರ ಮಾತೂ ನಡೆಯಲಿಲ್ಲ. ಪಾಠದ ಮೇಲೆ ಪಾಠ ಮುಗಿಯಿತು. ಬಾತುಕೋಳಿ ಕತೆ ಇಬ್ಬರಿಗೂ ಎಷ್ಟು ಹಿಡಿಸಿತೆಂದರೆ, ಪಂಥ ಕಟ್ಟಿ ಮತ್ತೆ ಮತ್ತೆ ಓದಿದರು. ಮೌನಿಕಾ ಮೆಟ್ಟಿಲ ಮೇಲೆ ಮೊಣಕಾಲಿಗೆ ಗದ್ದ ಊರಿ ಕೂತು, ಭೀಮಜ್ಜನ ರಾಗಕ್ಕೆ ತಾನೂ ತುಟಿ ಆಡಿಸುತ್ತಿದ್ದಳು. ಸಂಜೆಯ ಹೊತ್ತಿಗೆ ಇದ್ದ ಪಾಠವೆಲ್ಲ ಮುಗಿದು ಟ್ಯಾಬಿನಲ್ಲಿ ಡೋಲು ಮೊಳಗಿತು, ಗಿಳಿಯ ತಲೆಗೆ ಕಿರೀಟ ಬಂತು. ಗಿಳಿ ಪರದೆಯಿಂದಲೇ ಹಾರಿಹೋಯಿತು.

"ಎಲ್ಲಿಗೆ ಹೋಯ್ತೋ?" ಎಂದು ಶ್ಯಾಮಲಮ್ಮ ಟ್ಯಾಬನ್ನು ತಿರುಗಿಸಿ ಬೆನ್ನ ಕಡೆ ನೋಡಿದರು. ಅಷ್ಟರಲ್ಲಿ ತ್ರಿವೇಣಿ ಮೇಡಂ ಸ್ಕೂಟಿ ವಟಾರದೊಳಗೆ ಬಂತು.

ಮೇಡಂ ಪರದೆ ನೋಡಿದರು. ಅವರ ಕಣ್ಣು ತುಂಬಿತು. "ಒಂದೇ ದಿನದಲ್ಲಿ! ಕೆಲವು ಮಕ್ಕಳಿಗೆ ಇದ್ದಕ್ಕಿದ್ದ ಹಾಗೆ ಬಾಗಿಲು ತೆರ್ಕೊಳ್ಳುತ್ತೆ ಅಂತ ಟ್ರೈನಿಂಗಲ್ಲಿ ಹೇಳಿದ್ರು. ಇಷ್ಟು ವರ್ಷದಲ್ಲಿ ನಾನು ನೋಡಿದ್ದು ಇದೇ ಮೊದ್ಲು ಕಣ್ರೀ." ಬ್ಯಾಗಿನಿಂದ ಒಂದು ಬಣ್ಣದ ಮೆಚ್ಚುಗೆ ಪತ್ರ ತೆಗೆದು ಮೌನಿಕಾಳ ಹೆಸರು ಬರೆದರು. "ರಿಪೋರ್ಟು ತಾನಾಗೇ ಕೋಲಾರದ ಆಫೀಸಿಗೆ ಹೋಗಿರುತ್ತೆ. ಇನ್ನು ಇವಳಿಗೆ ವಿಶೇಷ ನೆರವು ಬೇಕಿಲ್ಲ. ದೇವರಾಯಸಮುದ್ರದಲ್ಲಿ ಒಂದು ಮಗು ಕಾಯ್ತಿದೆ, ಟ್ಯಾಬ್ ಅಲ್ಲಿಗೆ. ಶನಿವಾರಗಳೂ ಅಲ್ಲಿಗೇ."

ಕಾಂತರಾಜ ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದ.

"ಮೇಡಂ, ಓದಿದ್ದು ಅವಳಲ್ಲ. ನಾವು."

ಮೇಡಂ ನಕ್ಕರು. "ಟ್ಯಾಬ್ ಉಳಿಸ್ಕೊಳ್ಳೋಕೆ ಮಾಲೂರಲ್ಲೂ ಒಬ್ರು ಹೀಗೇ ಅಂದ್ರು."

"ಭೀಮಣ್ಣ, ನೀವೇ ಹೇಳಿ!"

ಭೀಮರಾಜ್ ವಟಾರದ ಮಾನ ಉಳಿಸಲು ಸೆಟೆದು ನಿಂತರು. "ನಾನ್ಯಾಕಪ್ಪ ಮಕ್ಕಳ ಪಾಠ ಓದ್ಲಿ? ಮಗೂನೇ ಓದಿದ್ದು ಮೇಡಂ. ಕಣ್ಣಾರೆ ಕಂಡಿದ್ದೀನಿ." ಶ್ಯಾಮಲಮ್ಮ ಮೊರದ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದರು. ಇಬ್ಬರೂ ಕಾಂತರಾಜನತ್ತ ಗುಟ್ಟಾಗಿ ಕಣ್ಣು ಮಿಟುಕಿಸಿದರು. ಅವನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

"ಹಾಗಾದ್ರೆ ಈಗ ಓದಿಸಿ ನೋಡಿ" ಎಂದ.

ಮೇಡಂ ಬಾತುಕೋಳಿ ಕತೆ ತೆರೆದುಕೊಟ್ಟು, ವಿಡಿಯೋ ಮಾಡಲು ಫೋನನ್ನು ಮಗುವಿನ ಮುಖಕ್ಕೆ ಹಿಡಿದರು. ಮೌನಿಕಾ ಮೊದಲ ಸಾಲಿಗೆ ಬೆರಳಿಟ್ಟಳು. "ಕೆರೆ ತುಂಬಿತೂ... ಬಾತುಕೋಳಿ ಬಂತೂ..." ಒಂದು ಕಡೆಯೂ ತಡವರಿಸಲಿಲ್ಲ. ಬಾತುಕೋಳಿ ಮೀನು ನುಂಗಿತು, ಮರಿಗಳನ್ನು ಕರೆಯಿತು, ಕೊನೆಗೆ ಆಚೆ ದಡಕ್ಕೆ ಈಜಿ ಹೋಯಿತು.

ಕತೆ ಮುಗಿದಾಗಲೂ ಅವಳ ಬೆರಳು ಮೊದಲ ಸಾಲಿನ 'ಕೆರೆ'ಯ ಮೇಲೇ ಇತ್ತು. ಅದನ್ನು ಕಂಡವನು ಕಾಂತರಾಜ ಒಬ್ಬನೇ.

ವಟಾರವೆಲ್ಲ ಚಪ್ಪಾಳೆ ತಟ್ಟಿತು. ಮೌನಿಕಾ ಬೇರೆ ಯಾರನ್ನೂ ನೋಡಲಿಲ್ಲ, ಮುಖ ಅರಳಿಸಿ ಅಪ್ಪನನ್ನೇ ನೋಡಿದಳು. ಅವಳ ಓದಿಗೆ ಯಾರಾದರೂ ಚಪ್ಪಾಳೆ ತಟ್ಟಿದ್ದು ಹುಟ್ಟಿದ ಮೇಲೆ ಇದೇ ಮೊದಲು. ಕಾಂತರಾಜ ಬಾಯಿ ತೆರೆದ. ಬೆರಳಿನ ವಿಷಯ ಒಂದೇ ಮಾತು ಸಾಕಿತ್ತು, ಟ್ಯಾಬ್ ಉಳಿಯುತ್ತಿತ್ತು. ಆ ಮುಖ ಉಳಿಯುತ್ತಿರಲಿಲ್ಲ. ಬಾಯಿ ಮುಚ್ಚಿ ಅವನೂ ಚಪ್ಪಾಳೆ ತಟ್ಟಿದ.

ಟ್ಯಾಬನ್ನು ಬ್ಯಾಗಿಗೆ ಹಾಕಿಕೊಂಡು ಮೇಡಂ ಹೊರಟರು. ಸ್ಕೂಟಿ ಗೇಟು ದಾಟಿತು, ನೆರೆಯವರು ಬೆನ್ನು ತಟ್ಟಿ ಅವರವರ ಮನೆಗೆ ಹೋದರು.

ಮೌನಿಕಾ ಮೆಚ್ಚುಗೆ ಪತ್ರ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು. ಬೆರಳನ್ನು ಸಾಲಿನಿಂದ ಸಾಲಿಗೆ ಓಡಿಸಿ ಏನೋ ಹುಡುಕಿದಳು. ಆಮೇಲೆ ತಲೆಯೆತ್ತಿದಳು.

"ಇದ್ರಲ್ಲಿ 'ಮನೆ' ಎಲ್ಲೂ ಇಲ್ವಲ್ಲಪ್ಪ. ಏನ್ ಬರ್ದವ್ರೆ?"

ಕಾಂತರಾಜ ಪಕ್ಕದಲ್ಲಿ ಕೂತು ಪತ್ರ ಈಸಿಕೊಂಡ.

"ಮೌನಿಕಾಗೆ ಓದೋಕೆ ಬರುತ್ತೆ ಅಂತ ಬರ್ದವ್ರೆ ಕಣಮ್ಮ" ಎಂದ.