ಸರಕು: ಊಟ

ನಮ್ಮ ಮುತ್ತಜ್ಜ ಧಾನ್ಯದ ಮೂಟೆಯನ್ನು ಬೆನ್ನಿಗೇರಿಸಿಕೊಂಡು ನಾಲ್ಕು ಹೆಜ್ಜೆ ನಡೆದನೆಂದರೆ ಅದರ ತೂಕ ಹೇಳಿಬಿಡುತ್ತಿದ್ದ. ಅಜ್ಜ ತಕ್ಕಡಿ ಎತ್ತಿ ಹಿಡಿದರೆ ಮಾರುಕಟ್ಟೆಯೇ ಉಸಿರು ಬಿಗಿಹಿಡಿಯುತ್ತಿತ್ತಂತೆ. ಅಪ್ಪ ಗೋದಾಮಿನಲ್ಲಿ ಮೂವತ್ತು ವರ್ಷ ತೂಕ ಹಾಕಿದ, ಒಂದು ಕಾಳು ಹೆಚ್ಚುಕಮ್ಮಿಯಾಯಿತೆಂಬ ಮಾತೂ ಕೇಳಿಸಿಕೊಳ್ಳಲಿಲ್ಲ. ಇನ್ನು ನಾನು! ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಮೂವತ್ತೆಂಟು ವರ್ಷ ಕೂತು, ಯಾರೂ ಹೇಳಿಕೊಡದೆ ಎಲ್ಲ ಕಲಿತು, ಬೆಟ್ಟದಂಥ ಲಾರಿಗಳ ಹೊಟ್ಟೆಯೊಳಗೆ ಎಷ್ಟಿದೆಯೆಂದು ಹೇಳಿದವನು. ಇಂಥ ವಂಶದ ಕುಡಿಯಾದ ನಾನು ಒಂದು ತಟ್ಟೆ ಊಟ ತೂಗಲಾರೆನೇ?

ಹಾಗಂತ ಮೀಸೆ ತಿರುವಿದ್ದೇ ತಪ್ಪಾಯಿತು ನೋಡಿ.

ಮೊಮ್ಮಗಳು ಪೋಷಣಾ ವಿಜ್ಞಾನ ಓದುತ್ತಿದ್ದಾಳೆ. ಅದೂ ಎಂಥ ಓದು! ಪದವಿ, ಸ್ನಾತಕೋತ್ತರ ಎರಡನ್ನೂ ಒಂದೇ ನೊಗಕ್ಕೆ ಕಟ್ಟಿ, ಉಳಿದವರು ಆರು ವರ್ಷ ಎಳೆಯುವುದನ್ನು ಐದೇ ವರ್ಷಕ್ಕೆ ಎಳೆದು ಮುಗಿಸುವ ಓದು. ಕೊನೆಯ ವರ್ಷಕ್ಕೆ, ಹನ್ನೆರಡು ಮಂದಿ ವಯಸ್ಸಾದವರು ಏಳು ದಿನ ಏನೇನು, ಎಷ್ಟೆಷ್ಟು ತಿನ್ನುತ್ತಾರೆಂದು ಬರೆಸಿ ತರಬೇಕಿತ್ತು. ಹನ್ನೊಂದು ಮಂದಿ ಬರೆದರು. ಹನ್ನೆರಡನೆಯವರು ಮೂರನೇ ದಿನಕ್ಕೇ "ನನ್ನ ತುತ್ತು ಎಣಿಸೋಕೆ ನೀನ್ಯಾರು?" ಎಂದು ಎದ್ದುಹೋದರು.

"ಮುಂದಿನ ಸೋಮವಾರಕ್ಕೆ ಹನ್ನೆರಡೂ ಕೊಡ್ದಿದ್ರೆ ನಮ್ಮ ಮೇಡಂ ನನ್ನ ಈ ಐದು ವರ್ಷದ ಕ್ಲಾಸಿಂದ ಇಳಿಸಿಬಿಡ್ತಾರೆ ತಾತಾ. ಇನ್ನೂ ಒಂದು ವರ್ಷ ಓದ್ಬೇಕು," ಎಂದು ಕಣ್ಣು ತುಂಬಿಕೊಂಡಳು.

"ಅಳ್ಬೇಡ! ಹನ್ನೆರಡನೇ ಮುದುಕ ನಿನ್ನ ಮುಂದೇನೇ ಕೂತಿದ್ದಾನೆ!"

ಅವಳು ಕಣ್ಣೊರೆಸಿಕೊಂಡು, ಚೀಲದಿಂದ ಅಂಗೈಯಗಲದ ತಕ್ಕಡಿಯೊಂದನ್ನು ತೆಗೆದು, "ನೋಡು, ಇದರ ಮೇಲೆ ತಟ್ಟೆ ಇಟ್ಟು..." ಎಂದು ಶುರುಮಾಡಿದಳು.

"ತೂಕದ ಪಾಠ ನನಗೇ ಹೇಳ್ತೀಯೇನೇ? ನಾಲ್ಕು ತಲೆಮಾರು! ನಿಶ್ಚಿಂತೆಯಾಗಿ ಹಾಸ್ಟೆಲಿಗೆ ಹೋಗು."

ಅವಳು ಹೋದಮೇಲೆ ಆ ತಕ್ಕಡಿ ನೋಡಿ ಮೂಗು ಮುರಿದೆ. ಆಟದ ಸಾಮಾನು! ಲಾರಿಯಲ್ಲಿರುವ ಮರಳನ್ನು ಬುಟ್ಟಿ ಬುಟ್ಟಿಯಾಗಿ ಇಳಿಸಿ ತೂಗುತ್ತಾರೆಯೇ? ಖಾಲಿ ಗಾಡಿ ತೂಗು, ತುಂಬಿದ ಗಾಡಿ ತೂಗು, ಅದರಲ್ಲಿ ಇದನ್ನು ಕಳೆ. ಸರಕಿನ ತೂಕ ಸಿಕ್ಕಿತು! ಬಚ್ಚಲುಮನೆಯಲ್ಲಿದ್ದ, ಮೈತೂಕ ನೋಡುವ ಮುಳ್ಳಿನ ಯಂತ್ರವನ್ನು ಎತ್ತಿ ತಂದು ಊಟದ ಮೇಜಿನ ಪಕ್ಕ ಪ್ರತಿಷ್ಠಾಪಿಸಿದೆ.

ಮೊದಲ ದಿನ ಮಧ್ಯಾಹ್ನ ಖಾಲಿ ಗಾಡಿ ಎಪ್ಪತ್ತೊಂದು ಕೇಜಿ. ಉಂಡು ಹತ್ತಿದರೆ ಎಪ್ಪತ್ತೊಂದೂವರೆ! ಲಾರಿಯವರಿಗೆ ಬರೆದುಕೊಡುತ್ತಿದ್ದ ಹಳೇ ತೂಕದ ಚೀಟಿಯ ಗತ್ತಿನಲ್ಲೇ ಬರೆದೆ: 'ಸರಕು: ಊಟ. ತೂಕ: ಅರ್ಧ ಕೇಜಿ. ಚಾಲಕ: ಸ್ವತಃ.' ಕೆಳಗೊಂದು ಸಹಿ ಬೇರೆ!

ಹೆಂಡತಿ ಇಣುಕಿ ನೋಡಿದಳು. "ರೀ, ಏನು ತಿಂದ್ರಿ ಅಂತ ಬರೀಬೇಡ್ವಾ?"

"ಊಟ ಅಂತ ಬರೆದಿದ್ದೀನಲ್ಲ, ಮರಳು ಅಂತ ಬರೆದೆನೇನೇ?"

ಮರುದಿನ ಬೆಳಿಗ್ಗೆ ಎರಡು ತುಂಡು ಬ್ರೆಡ್ಡು, ಒಂದು ಮೊಟ್ಟೆ ತಿಂದು ಹತ್ತಿದೆ. ಮುಳ್ಳು ಮುನಿಸಿಕೊಂಡ ಬೀಗರಂತೆ ಕೂತಲ್ಲೇ ಕೂತಿತ್ತು! ಅರ್ಧ ಕೇಜಿಗಿಂತ ಕಮ್ಮಿ ತೂಕವನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳದು. 'ಸೊನ್ನೆ' ಎಂದು ಬರೆಯಲು ಕೈ ಬರಲಿಲ್ಲ. ಮೊಮ್ಮಗಳ ಓದಿನ ಪ್ರಶ್ನೆ! ಮುಳ್ಳು ಅಲುಗುವವರೆಗೂ ತಿನ್ನುವುದೇ ಸರಿ ಎಂದು ಸೊಂಟ ಕಟ್ಟಿದೆ. ಇನ್ನೆರಡು ತುಂಡು ಬ್ರೆಡ್ಡು. ಹತ್ತಿದೆ, ಇಲ್ಲ. ಇನ್ನೊಂದು ಮೊಟ್ಟೆ. ಇಲ್ಲ. ಎರಡು ಬಾಳೆಹಣ್ಣು, ಮೇಲೊಂದು ಲೋಟ ಹಾಲು. ಮುಳ್ಳು ಟಕ್ಕನೆ ಹಾರಿತು! ನಾನು ಜಯಘೋಷ ಮಾಡಿದೆ. ಹೊಟ್ಟೆ ಬೇರೆಯದೇ ಘೋಷ ಹಾಕಿತು.

ಬುಧವಾರ ಇನ್ನೂ ಘೋರ. ಹೊಟ್ಟೆ ಬಿರಿಯ ಉಂಡು ಹತ್ತಿದರೆ ಅರ್ಧ ಕೇಜಿ ಇಳಿದಿದ್ದೇನೆ! ತಲೆ ಕೆರೆದುಕೊಂಡು ನೋಡಿದೆ. ಊಟದ ನಡುವೆ ಸೆಕೆಯೆಂದು ಕೋಟು ಬಿಚ್ಚಿಟ್ಟಿದ್ದೆ, ಜೇಬಿನಲ್ಲಿ ಬೀಗದಕೈ ಗೊಂಚಲು ಬೇರೆ. ತಪ್ಪು ಸಿಕ್ಕಿತು! ಅಂದಿನಿಂದ ಅದೇ ಅಂಗಿ, ಅದೇ ಕೋಟು, ಅದೇ ಗೊಂಚಲು. ಮಲಗುವಾಗಲೂ ಬಿಚ್ಚಲಿಲ್ಲ.

"ಆ ಅಂಗಿ ಒಗೆಯೋಕೆ ಕೊಡ್ರೀ, ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡಿದ್ದಾರೆ!"

"ಆಗಲ್ಲ! ಖಾಲಿ ಗಾಡಿಯ ತೂಕ ಬದಲಾಗುತ್ತೆ!"

"ಖಾಲಿ ಇರೋದು ಗಾಡಿಯಲ್ಲ, ಗಾಡಿಯ ಮೇಲಿನ ಭಾಗ," ಎಂದು ತನ್ನ ತಲೆ ಮುಟ್ಟಿ ತೋರಿಸಿ ಒಳಗೆ ಹೋದಳು.

ಭಾನುವಾರ ಮೊಮ್ಮಗಳು ಬಂದಾಗ ನನಗೆ ಬಗ್ಗಿ ಚಪ್ಪಲಿ ಹುಡುಕುವುದೂ ಆಗುತ್ತಿರಲಿಲ್ಲ. ಆದರೂ ಹಾಳೆಗಳನ್ನು ಸನ್ನದಿನಂತೆ ಕೈಗಿಟ್ಟೆ. ಓದುತ್ತ ಓದುತ್ತ ಅವಳ ಮುಖ ಬಿಳಿಚಿಕೊಂಡಿತು.

"ತಾತಾ, ಬುಧವಾರ 'ಸರಕು: ಊಟ. ತೂಕ: ಮೈನಸ್ ಅರ್ಧ ಕೇಜಿ' ಅಂತಿದೆ. ಊಟ ಮಾಡಿದ್ಯೋ, ವಾಪಸ್ ಕೊಟ್ಯೋ?"

ನಗುವ ಮಾತೇ. ಅವಳು ಮಾತ್ರ ನಗಲಿಲ್ಲ. "ನಾಳೇನೇ ಸೋಮವಾರ. ಒಂದು ವರ್ಷ ಹೋಯ್ತು," ಎಂದು ಮೆಲ್ಲಗೆ ಹಾಳೆ ಮಡಚಿದಳು. ಮೂವತ್ತೆಂಟು ವರ್ಷದಲ್ಲಿ ಯಾವ ಲಾರಿಯೂ ನನ್ನ ಎದೆಯ ಮೇಲೆ ಹಾಗೆ ಹತ್ತಿ ನಿಂತಿರಲಿಲ್ಲ.

ಆಗ ಅಡುಗೆಮನೆಯಿಂದ ನನ್ನಾಕೆ ಬಂದಳು. ಒಂದು ಕೈಯಲ್ಲಿ ಆ ಆಟದ ಸಾಮಾನು, ಇನ್ನೊಂದರಲ್ಲಿ ನೋಟ್‌ಬುಕ್ಕು.

"ತಗೋ ಪುಟ್ಟಿ. ಎಡಗಡೆ ನಾನು ತಿಂದಿದ್ದು, ಬಲಗಡೆ ಇವರು ತಿಂದಿದ್ದು. ಒಂದೊಂದೂ ತೂಗೇ ಬಡಿಸಿದ್ದೀನಿ. ಇವರಿಗೆ ಹೇಳಿದ್ರೆ ಕೇಳೋ ಪೈಕಿನಾ?"

ಬ್ರೆಡ್ಡು ಅರವತ್ತು ಗ್ರಾಂ, ಮೊಟ್ಟೆ ಐವತ್ತು, ಹಾಲು ಇನ್ನೂರು. ಏಳು ದಿನ, ಒಂದು ಹೊತ್ತೂ ತಪ್ಪಿಲ್ಲ! ಮೊಮ್ಮಗಳು ಅವಳನ್ನು ಬಾಚಿ ತಬ್ಬಿಕೊಂಡಳು. "ಹನ್ನೆರಡನೆಯವಳು ನೀನೇ ಅಜ್ಜಿ!"

"ಮತ್ತೆ ನಾನು?" ಎಂದೆ.

"ನೀನು ಹಸಿವಿಗೆ ತಿಂದಿಲ್ಲ ತಾತಾ, ಮುಳ್ಳಿಗೆ ತಿಂದಿದ್ದೀಯ. ನಿಂದು ಬರಲ್ಲ." ಹಾಗೆಂದವಳು ಬಲಗಡೆಯ ಪುಟದ ಕೊನೆಗೆ ಬಂದು ಹುಬ್ಬೇರಿಸಿದಳು. "ಇದೇನಜ್ಜಿ? 'ತುಂಬಿದ ಡಬ್ಬ: ಎಂಟುನೂರು ಗ್ರಾಂ. ಖಾಲಿ ಡಬ್ಬ: ಇನ್ನೂರು. ಸರಕು: ಕ್ರೀಂ ಬಿಸ್ಕತ್ತು. ಚಾಲಕ: ನಿಮ್ಮ ತಾತ.' ಡಾಕ್ಟರು ಸಿಹಿ ಮುಟ್ಟಲೇಬಾರದು ಅಂದಿಲ್ವಾ?"

"ದಿನಾ ಮಧ್ಯಾಹ್ನ ನಾನು ಕಣ್ಣು ಮುಚ್ಚೋದೇ ತಡ, ಡಬ್ಬಕ್ಕೆ ಕೈ," ಎಂದಳು ನನ್ನಾಕೆ. "ಕಳ್ಳತನ ಹಿಡಿದ ವಿದ್ಯೆ ಮಾತ್ರ ಇವರದ್ದೇ. ನಾಲ್ಕು ತಲೆಮಾರಿಂದು!"

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನು ಗಂಭೀರವಾಗಿ ಎದ್ದು ಹೊರಟುಬಿಡೋಣವೆಂದುಕೊಂಡೆ. ಎದ್ದರೆ ತಾನೇ? ಅಲುಗಿದ್ದು ಕುರ್ಚಿಯೊಂದೇ! ಮೊಮ್ಮಗಳು ಕಣ್ಣೊರೆಸಿಕೊಳ್ಳುತ್ತ ಹತ್ತಿರ ಬಂದು, "ಕೈ ಕೊಡ್ಲಾ ತಾತಾ?" ಎಂದಳು.

"ಬೇಡ ಕಂದಾ, ಯಾರ ಕೈಯೂ ಬೇಡ. ತುಂಬಿದ ಗಾಡಿ, ನಿಧಾನಕ್ಕೆ ತಾನೇ ಏಳುತ್ತೆ."