ಅತ್ತೆಯವರ ವೀಸಾ ಮತ್ತು ನನ್ನ ಬಡ್ತಿ

ಸಂಬಳ ಸಾಲದೆಂದು ಗೊಣಗುವ ಗಂಡಸರನ್ನು ನೀವು ಬೇಕಾದಷ್ಟು ನೋಡಿದ್ದೀರಿ. ಸಂಬಳ ಎಲ್ಲಿ ಜಾಸ್ತಿಯಾಗಿಬಿಡುತ್ತದೋ ಎಂದು ಬೆವರಿದವನು ಭೂಮಂಡಲದಲ್ಲಿ ನಾನೊಬ್ಬನೇ ಇರಬೇಕು.

ಈ ಪರದೇಶದಲ್ಲಿ ನಾನೂ ನನ್ನವಳೂ ಒಂದೇ ಲಾಂಡ್ರಿಯಲ್ಲಿ ದುಡಿಯುತ್ತೇವೆ. ಹೋಟೆಲುಗಳ ಹಾಸು ಹೊದಿಕೆಗಳನ್ನೆಲ್ಲ ಒಗೆಯುವ ದೊಡ್ಡ ಲಾಂಡ್ರಿ. ಹಗಲು ನಾನು ಇಸ್ತ್ರಿ ಯಂತ್ರದ ಮುಂದೆ ಬೇಯುತ್ತೇನೆ. ಸಂಜೆ ಪಾಳಿಯಲ್ಲಿ ಅವಳು ಬಟ್ಟೆ ಮಡಿಸುತ್ತಾಳೆ. ಪಾಳಿ ಬದಲಾಗುವಾಗ ಪುಟ್ಟ ಮಗಳನ್ನು ಗೇಟಿನಲ್ಲೇ ತನ್ನ ಕಂಕುಳಿಂದ ನನ್ನ ಕಂಕುಳಿಗೆ ದಾಟಿಸುತ್ತಾಳೆ. (ನಮ್ಮ ದಾಂಪತ್ಯವೆಲ್ಲ ಆ ಗೇಟಿನಲ್ಲೇ. ಅದರಲ್ಲೂ ಮುಕ್ಕಾಲು ಪಾಲು ಬೈಗುಳ.)

ಮಗುವನ್ನು ನೋಡಿಕೊಳ್ಳಲು ತನ್ನ ಅಮ್ಮ ಬರಬೇಕೆಂಬುದು ಅವಳ ಹಟ. ಅತ್ತೆಯವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಅವರ ಮುಂದೆ ನಾನು ಕೂತರೂ ತಪ್ಪು, ನಿಂತರೂ ತಪ್ಪು. ಪುಣ್ಯಕ್ಕೆ ಇಲ್ಲಿನ ಸರ್ಕಾರ ನನ್ನ ಪಕ್ಷ ವಹಿಸಿತ್ತು. ಹೆತ್ತವರನ್ನು ಕರೆಸಬೇಕಾದರೆ ಗಂಡಹೆಂಡಿರಲ್ಲಿ ಒಬ್ಬರಿಗಾದರೂ ಇಂತಿಷ್ಟು ಮೂಲ ವೇತನ ಇರಲೇಬೇಕು. ಓವರ್‌ಟೈಮು, ಊಟದ ಭತ್ಯೆ ಲೆಕ್ಕಕ್ಕಿಲ್ಲ. ಆ ಮಿತಿ ನಮ್ಮಿಬ್ಬರ ತಲೆಯ ಮೇಲೆ ಒಂದು ಮೊಳ ಎತ್ತರದಲ್ಲಿತ್ತು. ಮುಂದಿನ ತಿಂಗಳಿಂದ ಇನ್ನೂ ಏರುತ್ತದೆಂಬ ಸುದ್ದಿ ಕೇಳಿ ನಾನು ಒಳಗೊಳಗೇ ಕುಣಿದಿದ್ದೆ.

ಅಷ್ಟರಲ್ಲಿ ನಮ್ಮ ಸೂಪರ್‌ವೈಸರ್ ಕೆಲಸ ಬಿಟ್ಟ.

"ರೀ, ಆ ಜಾಗಕ್ಕೆ ಮ್ಯಾನೇಜರ್ ನಿಮ್ಮನ್ನೇ ಹಾಕ್ತಾರಂತೆ," ಎಂದಳು ಗೇಟಿನಲ್ಲಿ. "ಆ ಸಂಬಳ ಬಂದ್ರೆ ಅಮ್ಮನ ಅರ್ಜಿ ಈ ತಿಂಗಳೇ ಹಾಕಬಹುದು. ಬಾಯಿ ಮುಚ್ಕೊಂಡು ಹೂಂ ಅನ್ನಿ."

"ಯೋಚನೆ ಮಾಡೋಣ ಕಣೇ..."

"ಯೋಚನೆ ಮಾಡೋಕೇನಿದೆ? ಅಮ್ಮ ಬಂದ್ರೆ ನಾನೂ ಹಗಲು ಪಾಳಿ ಕೇಳಬಹುದು. ಮಗೂನ ನಾನು ತಟ್ಟಿ ಮಲಗಿಸಿ ಎಷ್ಟು ಕಾಲ ಆಯ್ತು ಗೊತ್ತಾ? ನನ್ನ ಕೈಲಿ ಇನ್ನಾಗಲ್ಲ ರೀ."

ಅವಳ ಕಣ್ಣು ತುಂಬಿತ್ತು. ನನ್ನ ಕರುಳು ಚುರುಕ್ ಎಂದಿತು. ಆದರೆ ಅತ್ತೆಯವರ ಕನ್ನಡಕ ಕಣ್ಣಮುಂದೆ ಬಂದು ಆ ಕರುಳೇ ಹೆದರಿ ಸುಮ್ಮನಾಯಿತು.

ಮಗುವನ್ನು ಕಂಕುಳಲ್ಲಿಟ್ಟುಕೊಂಡೇ ಮ್ಯಾನೇಜರ್ ಕೋಣೆಗೆ ಹೋದೆ. ಗಾಜಿನಾಚೆ ಮಡಿಸುವ ಮೇಜಿನ ಬಳಿ ಅವಳು ಕೈಯಲ್ಲಿದ್ದ ಹೊದಿಕೆಯನ್ನು ಮಡಿಸದೆ ನನ್ನನ್ನೇ ನೋಡುತ್ತ ನಿಂತಿದ್ದಳು.

"ಏನಪ್ಪಾ, ಒಪ್ಪಿಗೆ ತಾನೇ?" ಎಂದರು ಮ್ಯಾನೇಜರ್.

"ಬೇಡ ಸಾರ್! ಇನ್ನೊಬ್ಬರ ಮೇಲೆ ಅಧಿಕಾರ ನಡೆಸೋದು ನನಗೆ ಬರಲ್ಲ. ಮನೇಲೂ ಅಷ್ಟೇ. ದರ್ಬಾರೆಲ್ಲ ನನ್ನ ಹೆಂಡತೀದೇ. ಅವಳು ಒಂದ್ಸಲ ಕಣ್ಣು ಬಿಟ್ರೆ ಸಾಕು, ನಾನಾಗೇ ಪಾತ್ರೆ ತೊಳೀತೀನಿ."

ಅವರು ಗಾಜಿನಾಚೆ ನೋಡಿದರು. ಅವಳು ಕಣ್ಣು ಬಿಟ್ಟುಕೊಂಡೇ ಇದ್ದಳು.

"ಹೌದಲ್ವಾ!" ಎಂದು ಮೇಜು ಕುಟ್ಟಿ ಅವಳನ್ನೇ ಒಳಗೆ ಕರೆದರು.

ಅವಳ ಹೊಸ ಸಂಬಳ ಮಿತಿಯನ್ನು ದಾಟಿತು. ಅರ್ಜಿ ಹೋಯಿತು, ವೀಸಾ ಬಂತು. ಮೊನ್ನೆ ವಿಮಾನ ನಿಲ್ದಾಣದಲ್ಲಿ ಅತ್ತೆಯವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಂಗಿ ಗುಂಡಿ ಸರಿಯಾಗಿ ಹಾಕ್ಕೊಳ್ಳಿ," ಎಂದರು.

ಹೋಗಲಿ, ಹಗಲೆಲ್ಲ ಲಾಂಡ್ರಿಯಲ್ಲಿ ತಲೆಮರೆಸಿಕೊಂಡರಾಯಿತು ಎಂದು ಸಮಾಧಾನ ಮಾಡಿಕೊಂಡಿದ್ದೆ. ಆದರೆ ನಮ್ಮ ಸೂಪರ್‌ವೈಸರ್ ಸಾಹೇಬರು ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಲೇ ಅಪ್ಪಣೆ ಕೊಡಿಸಿದರು:

"ರೀ, ನಾಳೆಯಿಂದ ನಿಮಗೆ ರಾತ್ರಿ ಪಾಳಿ ಹಾಕಿದೀನಿ. ಹೊಸ ಜಾಗ, ಪಾಪ, ಹಗಲು ಹೊತ್ತು ಅಮ್ಮನಿಗೆ ಬೇಜಾರಾಗಬಾರದಲ್ವಾ?"